ತೆರೆಯದ ಡ್ರಾಯಿಂಗ್ ಫೈಲು: ಕೊನೆಯ ಮೂರಕ್ಷರ ನಂಬಬೇಡಿ

ಮಾನ್ಯ ಸಂಪಾದಕರೇ,

ಮಾಚೇನಹಳ್ಳಿಯ ಫೌಂಡ್ರಿಗಳಿಗೆ ಬರುವ ಬಿಡಿಭಾಗದ ಮಾಡೆಲ್, ಸಾಗರದ ಕೆತ್ತನೆಯವರ ಸಿಎನ್‌ಸಿ ರೂಟರಿಗೆ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರಕ್ಕೆ) ಬರುವ ವಿನ್ಯಾಸ, ಶಿವಮೊಗ್ಗದ ಹೊಸ ಬಡಾವಣೆಗಳ ಮನೆ ಪ್ಲಾನು ಎಲ್ಲವೂ ಈಗ ವಾಟ್ಸ್‌ಆ್ಯಪ್‌ನಲ್ಲೋ ಇ-ಮೇಲ್‌ನಲ್ಲೋ ಫೈಲಾಗಿಯೇ ಬರುತ್ತವೆ. ತೆರೆಯದಿದ್ದರೆ ಹಲವರು ಫೈಲಿನ ಹೆಸರಿನ ಕೊನೆಯ ಮೂರಕ್ಷರ ಬದಲಿಸಿ ನೋಡುತ್ತಾರೆ, ಅದಾಗದಿದ್ದರೆ ಯಾವುದೋ ಉಚಿತ ವೆಬ್‌ಸೈಟಿಗೆ ಹಾಕಿ ಬೇರೆ ಫಾರ್ಮ್ಯಾಟಿಗೆ ತಿರುಗಿಸಿಕೊಳ್ಳುತ್ತಾರೆ. ಹೆಸರು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. ವೆಬ್‌ಸೈಟಿಗೆ ಹಾಕಿದರೆ ಗ್ರಾಹಕರು ನಂಬಿ ಕೊಟ್ಟ ಡ್ರಾಯಿಂಗು ಗುರುತಿಲ್ಲದವರ ಕೈ ಸೇರುತ್ತದೆ. ಎರಡೂ ಬೇಡ.

ಮೊದಲು ಫೈಲಿನ ಒಂದು ನಕಲು ಮಾಡಿ, ಆ ನಕಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಸೇವ್ ಮಾತ್ರ ಒತ್ತಬೇಡಿ, ಒತ್ತಿದರೆ ಫೈಲು ಕೆಡುತ್ತದೆ. ಅದು ಆಟೊಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರಿನ ಡಿಡಬ್ಲ್ಯುಜಿ ಫೈಲಾಗಿದ್ದರೆ ಮೊದಲ ಆರು ಅಕ್ಷರ ಓದಲು ಬರುತ್ತವೆ: ಎಸಿ1015 ಎಂದರೆ ಆಟೊಕ್ಯಾಡ್ 2000ದ ಫಾರ್ಮ್ಯಾಟ್, ಎಸಿ1018 ಎಂದರೆ 2004, ಎಸಿ1021 ಎಂದರೆ 2007, ಎಸಿ1024 ಎಂದರೆ 2010, ಎಸಿ1027 ಎಂದರೆ 2013, ಎಸಿ1032 ಎಂದರೆ 2018. ನಿಮ್ಮ ಸಾಫ್ಟ್‌ವೇರ್ 2012ರದ್ದಾಗಿದ್ದು ಫೈಲಿನಲ್ಲಿ ಎಸಿ1032 ಎಂದಿದ್ದರೆ ದೋಷ ಫೈಲಿನದಲ್ಲ, ವರ್ಷದ್ದು. ಡಿಡಬ್ಲ್ಯುಜಿ ಟ್ರೂವ್ಯೂ ಅಥವಾ ಒಡಿಎ ಫೈಲ್ ಕನ್ವರ್ಟರ್ ನಿಮ್ಮ ಕಂಪ್ಯೂಟರಿನಲ್ಲೇ ಅದನ್ನು ಹಳೆಯ ಫಾರ್ಮ್ಯಾಟಿಗೆ ಇಳಿಸಿಕೊಡುತ್ತವೆ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಮೊದಲ ಸಾಲಿನಲ್ಲಿ ಐಎಸ್‌ಒ-10303-21 ಎಂದಿದ್ದರೆ ಅದು ಸ್ಟೆಪ್ ಫೈಲು, ಅಂದರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಮೂರು ಆಯಾಮದ ಮಾಡೆಲ್. ಫ್ರೀಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ನೇರವಾಗಿ ತೆರೆಯುತ್ತದೆ. ಪಿಕೆ ಎಂದು ಶುರುವಾದರೆ ಅದು ಹೆಚ್ಚಾಗಿ ಜಿಪ್ ಕಟ್ಟು, ಮೊದಲು ಬಿಚ್ಚಿ ನೋಡಿ.

ಮಳೆಗಾಲದಲ್ಲಿ ಸೇವ್ ಆಗುತ್ತಿರುವಾಗಲೇ ಕರೆಂಟು ಹೋಗಿ ಅರ್ಧಂಬರ್ಧ ಉಳಿದ ಫೈಲುಗಳ ಕಥೆ ಬೇರೆ. ಅವನ್ನು ಆಟೊಕ್ಯಾಡ್‌ನಲ್ಲಿ ಓಪನ್ ಬದಲು ರಿಕವರ್ ಆಜ್ಞೆಯಿಂದ ತೆರೆಯಬೇಕು. ಅದೂ ಆಗದಿದ್ದರೆ ಅದೇ ಫೋಲ್ಡರಿನ ಬಿಎಕೆ ಫೈಲಿನ ಹೆಸರಿನ ಕೊನೆಯನ್ನು ಡಿಡಬ್ಲ್ಯುಜಿ ಎಂದು ಬದಲಿಸಿದರೆ ಹಿಂದಿನ ಸಲ ಸೇವ್ ಮಾಡಿದ ಡ್ರಾಯಿಂಗು ಸಿಗುತ್ತದೆ. ಹೆಸರು ಬದಲಿಸುವುದು ಇಲ್ಲಿ ಫಲಿಸುತ್ತದೆ, ಏಕೆಂದರೆ ಬಿಎಕೆ ಒಳಗಿರುವುದು ಡಿಡಬ್ಲ್ಯುಜಿಯೇ.

ಪಿಆರ್‌ಟಿ ಎಂಬ ಹೆಸರಿನ ಗೊಂದಲ ದೊಡ್ಡದು. ಕ್ರಿಯೊ, ಎನ್‌ಎಕ್ಸ್ ಎರಡೂ ಬೇರೆ ಬೇರೆ ಮಾಡೆಲಿಂಗ್ ಸಾಫ್ಟ್‌ವೇರ್, ಆದರೆ ಎರಡರ ಫೈಲಿನ ಹೆಸರೂ ಪಿಆರ್‌ಟಿ ಎಂದೇ ಮುಗಿಯುತ್ತದೆ. ಪಿಆರ್‌ಟಿ ಆದ ಮೇಲೆ 1, 2, 7 ಎಂಬ ಅಂಕಿ ಇದ್ದರೆ ಅದು ಕ್ರಿಯೊದ್ದು, ದೊಡ್ಡ ಅಂಕಿಯದೇ ಇತ್ತೀಚಿನದು. ಅಸೆಂಬ್ಲಿ ಫೈಲು ಒಂದನ್ನೇ ಕಳಿಸಿದರೆ ಪ್ರಯೋಜನವಿಲ್ಲ. ಅದರಲ್ಲಿ ಯಾವ ಭಾಗ ಎಲ್ಲಿ ಕೂರಬೇಕು ಎಂಬುದಿರುತ್ತದೆ, ಭಾಗಗಳು ಬೇರೆ ಫೈಲುಗಳಲ್ಲಿರುತ್ತವೆ. ಸಾಲಿಡ್‌ವರ್ಕ್ಸ್‌ನ ಪ್ಯಾಕ್ ಆ್ಯಂಡ್ ಗೋ, ಆಟೊಕ್ಯಾಡ್‌ನ ಇ-ಟ್ರಾನ್ಸ್‌ಮಿಟ್ ಇರುವುದು ಎಲ್ಲವನ್ನೂ ಒಟ್ಟುಗೂಡಿಸಿ ಕಳಿಸಲಿಕ್ಕೇ.

ಫೈಲು ತೆರೆಯಿತು ಎಂದ ಮಾತ್ರಕ್ಕೆ ಸರಿಯಾಗಿ ತೆರೆಯಿತು ಎಂದಲ್ಲ. ನಷ್ಟವಾಗುವುದು ಹೆಚ್ಚಾಗಿ ಇಲ್ಲಿಯೇ. ಕೆತ್ತನೆಗೆ ಬರುವ ಮೂರು ಆಯಾಮದ ಎಸ್‌ಟಿಎಲ್ ಫೈಲಿನಲ್ಲಿ ಅಳತೆಯ ಮಾನವೇ ಇರುವುದಿಲ್ಲ, ಬರೀ ತ್ರಿಕೋನಗಳಿರುತ್ತವೆ. 12 ಇಂಚು ಅಗಲ 18 ಇಂಚು ಎತ್ತರದ ಬಾಗಿಲ ಪಟ್ಟಿಕೆಯ ಕೆತ್ತನೆ 12 ಮಿಲಿಮೀಟರ್ ಅಗಲ 18 ಮಿಲಿಮೀಟರ್ ಎತ್ತರವಾಗಿ ಬಂದು ಕೂತರೆ 25.4ರಿಂದ ಹಿಗ್ಗಿಸಬೇಕು. ಅಡಿಯಲ್ಲಿ ಬರೆದ 30×40 ಸೈಟಿನ ಪ್ಲಾನು ಮಿಲಿಮೀಟರಾಗಿ ತೆರೆದುಕೊಂಡರೆ 304.8ರಿಂದ. ಯಾವ ಫೈಲೇ ಆಗಲಿ, ತೆರೆದ ಕೂಡಲೇ ಗೊತ್ತಿರುವ ಒಂದು ಅಳತೆಯನ್ನು ಅಳೆದು ನೋಡಿ. ಕೆತ್ತನೆಯವರಿಗೆ ಇನ್ನೊಂದು ಮಾತು: ಆರ್ಟ್‌ಕ್ಯಾಮ್ ಅನ್ನು ಆಟೊಡೆಸ್ಕ್ 2018ರಲ್ಲೇ ನಿಲ್ಲಿಸಿದೆ. ಆ ಸಾಫ್ಟ್‌ವೇರ್ ಇರುವ ಹಳೆಯ ಕಂಪ್ಯೂಟರು ಇನ್ನೂ ಓಡುತ್ತಿದ್ದರೆ ನಿಮ್ಮ ವಿನ್ಯಾಸಗಳನ್ನೆಲ್ಲ ಇವತ್ತೇ ಎಸ್‌ಟಿಎಲ್‌ಗೆ ತೆಗೆದಿಡಿ.

ಎರಕದ ಕೆಲಸದಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಐಜಿಇಎಸ್ ಎಂಬ ಹಳೆಯ ಬಗೆಯ ಮಾಡೆಲ್ ಫೈಲಿನಲ್ಲಿ ಬರುವುದು ಹೆಚ್ಚಾಗಿ ಮೇಲ್ಮೈಗಳು. ಅವುಗಳ ಅಂಚು ಕೂಡಿಕೊಳ್ಳದಿದ್ದರೆ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು. ಪರೀಕ್ಷೆ ಸುಲಭ: ಸಾಫ್ಟ್‌ವೇರಿನಲ್ಲಿ ಮಾಡೆಲ್‌ನ ಗಾತ್ರ (ಘನಫಲ) ಕೇಳಿ, ಬೂದು ಬೀಡಿಗೆ (ಗ್ರೇ ಕಾಸ್ಟ್ ಐರನ್) ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂನಂತೆ ಗುಣಿಸಿ, ಡ್ರಾಯಿಂಗಿನಲ್ಲಿ ಬರೆದ ತೂಕದ ಜೊತೆ ಹೋಲಿಸಿ. 2,000 ಘನ ಸೆಂಟಿಮೀಟರ್ ಇದ್ದರೆ 14.4 ಕಿಲೋ ಬರಬೇಕು. ಗಾತ್ರ ಸೊನ್ನೆ ಎಂದು ತೋರಿಸಿದರೆ ಮೇಲ್ಮೈಗಳು ಹೊಲಿದುಕೊಂಡಿಲ್ಲ, ಪ್ಯಾಟರ್ನ್ (ಎರಕದ ಅಚ್ಚು ಮಾಡಲು ಬೇಕಾದ ಮಾದರಿ) ಕೆಲಸಕ್ಕೆ ಕೈ ಹಾಕಬೇಡಿ.

ಸ್ಟೆಪ್ ಫೈಲು ಆಕಾರವನ್ನು ಚೆನ್ನಾಗಿಯೇ ದಾಟಿಸುತ್ತದೆ. ಆದರೆ ಮಾಡೆಲ್‌ನಲ್ಲಿ ಥ್ರೆಡ್ಡನ್ನು ಸಾಮಾನ್ಯವಾಗಿ ನಿಜವಾಗಿ ಕೊರೆದಿರುವುದಿಲ್ಲ, ಗುರುತು ಮಾತ್ರ ಹಾಕಿರುತ್ತಾರೆ. ಫಾರ್ಮ್ಯಾಟ್ ಬದಲಾಗುವಾಗ ಆ ಗುರುತು ಬಿದ್ದುಹೋಗಿ ಎಂ10 ಟ್ಯಾಪ್ ಮಾಡಬೇಕಾದ (10 ಮಿಲಿಮೀಟರ್ ಬೋಲ್ಟಿಗೆ ಥ್ರೆಡ್ ಕೊರೆಯಬೇಕಾದ) ತೂತು 8.5 ಮಿಲಿಮೀಟರಿನ ಸಾದಾ ತೂತಾಗಿ ಕಾಣುತ್ತದೆ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆ) ಕೂಡ ಹಲವು ಸಲ ಹೀಗೇ ಮಾಯವಾಗುತ್ತದೆ. ಹಾಗಾಗಿ ಸ್ಟೆಪ್ ಜೊತೆ ಪಿಡಿಎಫ್ ಡ್ರಾಯಿಂಗ್ ಇಲ್ಲದೆ ದರ ಹೇಳುವುದೂ ಸರಿಯಲ್ಲ.

ಮನೆ ಪ್ಲಾನುಗಳಲ್ಲಿ ನಮ್ಮದೇ ಒಂದು ತೊಡಕಿದೆ. ‘ದೇವರ ಕೋಣೆ’, ‘ಬಚ್ಚಲು’ ಎಂದು ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ. ಆಟೊಕ್ಯಾಡ್‌ನ ಎಸ್‌ಎಚ್‌ಎಕ್ಸ್ ಫಾಂಟು ಜೊತೆಗೆ ಬಾರದಿದ್ದರೂ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಎರಡೂ ಸಂದರ್ಭದಲ್ಲಿ ಫೈಲು ಕೆಟ್ಟಿಲ್ಲ, ಫಾಂಟ್ ಕೇಳಿ ತರಿಸಿಕೊಂಡರೆ ಸಾಕು.

ಆದ್ದರಿಂದ ಟೆಂಡರು ಕರೆಯುವ ಕಚೇರಿಗಳಲ್ಲಿ, ಕೆಲಸ ಕೊಡುವ ಕಂಪನಿಗಳಲ್ಲಿ ನಮ್ಮ ವಿನಂತಿ ಇಷ್ಟು: ನಿಮ್ಮ ಮೂಲ ಫೈಲಿನ ಜೊತೆ ಮೂರು ಆಯಾಮದ ಮಾಡೆಲ್‌ಗೆ ಒಂದು ಸ್ಟೆಪ್, ಸಮತಲ ಡ್ರಾಯಿಂಗಿಗೆ 2010ರ ಫಾರ್ಮ್ಯಾಟಿನ ಡಿಎಕ್ಸ್‌ಎಫ್ (ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಡ್ರಾಯಿಂಗ್ ಫೈಲು), ಎರಡಕ್ಕೂ ಒಂದು ಪಿಡಿಎಫ್ ಇಡಿ. ಸಿಎನ್‌ಸಿ ಯಂತ್ರ ಹಳೆಯದಾಗಿದ್ದರೆ ಇನ್ನೂ ಹಳೆಯ ಆರ್12 ಫಾರ್ಮ್ಯಾಟಿನ ಡಿಎಕ್ಸ್‌ಎಫ್ ಕೊಡಿ. ಅದರಲ್ಲಿ ಸ್ಪ್ಲೈನ್ (ನಯವಾದ ವಕ್ರರೇಖೆ) ಇರುವುದಿಲ್ಲ, ವಕ್ರರೇಖೆಗಳು ತುಂಡು ಗೆರೆಗಳಾಗಿ ಬರುತ್ತವೆ, ಆದರೆ ಯಂತ್ರ ಓದುತ್ತದೆ. ಅಳತೆ ಇಂಚೋ ಮಿಲಿಮೀಟರೋ ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ.

— ಡ್ರಾಫ್ಟಿಂಗ್ ಮತ್ತು ಪ್ಯಾಟರ್ನ್ ಕೆಲಸದ ಕೆಲವರು, ಶಿವಮೊಗ್ಗ