ಕಾರು ಕಂಪನಿ ಬೇರೆ, ಗಾರ್ಮೆಂಟ್ಸ್ ಬೇರೆ

ಮಾನ್ಯರೇ,

ವಿದೇಶಿ ಕಂಪನಿ ಬಂದರೆ ‘ನಾವು ತಂದೆವು’, ಪಕ್ಕದ ರಾಜ್ಯಕ್ಕೆ ಹೋದರೆ ‘ನೀವು ಕಳೆದಿರಿ’. ಆಂಧ್ರ–ಕರ್ನಾಟಕ ಗಡಿಯಲ್ಲಿರುವ ನಮಗೆ ಈ ಜಗಳ ಎರಡೂ ಕಡೆಯಿಂದ ಕೇಳಿಸುತ್ತದೆ. ಆದರೆ ಕಂಪನಿ ತನ್ನ ದೇಶ ಬಿಟ್ಟು ಹೊರಡಬೇಕೆ ಎಂಬುದು ಮೊದಲು ತೀರ್ಮಾನವಾಗುವುದು ಆ ಉದ್ಯಮ ಜಗತ್ತಿನಲ್ಲಿ ಹೇಗೆ ಹರಡಿದೆ ಎಂಬುದರ ಮೇಲೆ. ಜಮೀನು, ತೆರಿಗೆ ರಿಯಾಯಿತಿಯ ಮಾತು ಆಮೇಲಿನದು.

ನಮ್ಮ ಜಿಲ್ಲೆಯ ಪೆನುಕೊಂಡದಲ್ಲಿರುವ, ದಕ್ಷಿಣ ಕೊರಿಯಾದ ಕಿಯಾ ಕಂಪನಿಯ ಕಾರು ಕಾರ್ಖಾನೆಯನ್ನೇ ನೋಡಿ. 2017ರಲ್ಲಿ ಒಪ್ಪಂದ, 2019ರಲ್ಲಿ ಉತ್ಪಾದನೆ, 110 ಕೋಟಿ ಡಾಲರ್ ಹೂಡಿಕೆ, ವರ್ಷಕ್ಕೆ 3 ಲಕ್ಷ ಕಾರಿನ ಸಾಮರ್ಥ್ಯ. ಅದಕ್ಕೂ ಮೊದಲೇ ಈ ಕಂಪನಿ ಸ್ಲೊವಾಕಿಯಾದಲ್ಲಿ 2006ರಲ್ಲಿ, ಅಮೆರಿಕದ ಜಾರ್ಜಿಯಾದಲ್ಲಿ 2009ರಲ್ಲಿ, ಮೆಕ್ಸಿಕೊದಲ್ಲಿ 2016ರಲ್ಲಿ ತಯಾರಿಕೆ ಶುರು ಮಾಡಿತ್ತು. ಪೈಪೋಟಿಯ ಹಲವು ಕಂಪನಿಗಳು ಭಾರತದಲ್ಲಿ ಬೇರು ಬಿಟ್ಟಿರುವಾಗ ಇದೊಂದೇ ದೂರ ಉಳಿಯುವಂತಿರಲಿಲ್ಲ. ಸಿದ್ಧ ಕಾರನ್ನು ಹಡಗಿನಲ್ಲಿ ತಂದರೆ ಆಗ ಶೇ 60ರಿಂದ 100ರಷ್ಟು ಆಮದು ಸುಂಕವಿತ್ತು; ಇಲ್ಲೇ ಕಟ್ಟುವುದೇ ಲಾಭವಾಗಿತ್ತು. ಸೋದರ ಕಂಪನಿ ಹುಂಡೈ 1998ರಿಂದ ಚೆನ್ನೈ ಬಳಿ ಕಾರು ತಯಾರಿಸುತ್ತಿದ್ದುದರಿಂದ ಬಿಡಿಭಾಗದವರೂ ತೀರಾ ದೂರವಿರಲಿಲ್ಲ. ಕೆಲವರು ಇಲ್ಲಿಗೇ ಬಂದು ಶೆಡ್ ಹಾಕಿದರು. ಹೆದ್ದಾರಿ, ಗೊಲ್ಲಪಲ್ಲಿ ಜಲಾಶಯದ ನೀರು, ಸರ್ಕಾರದ ರಿಯಾಯಿತಿ ಇವೆಲ್ಲ ಕೆಲಸಕ್ಕೆ ಬಂದದ್ದು ‘ಭಾರತದಲ್ಲಿ ಎಲ್ಲಿ’ ಎಂಬ ಕೊನೆಯ ಪ್ರಶ್ನೆಗೆ. ಅಷ್ಟರ ಮಟ್ಟಿಗೆ ಆಗಿನ ನಾಯಕರಿಗೆ ಶ್ರೇಯ ಸಲ್ಲಲಿ, ಬೇಡವೆನ್ನುವುದಿಲ್ಲ.

ಗಾರ್ಮೆಂಟ್ಸ್ ಕಥೆ ಬೇರೆ. ಅದೂ ಜಾಗತಿಕ ಉದ್ಯಮವೇ, ಆದರೆ ಅಮೆರಿಕ, ಯುರೋಪಿನ ಬ್ರ್ಯಾಂಡುಗಳಲ್ಲಿ ಹೆಚ್ಚಿನವು ಇಲ್ಲಿ ಸ್ವಂತ ಕಾರ್ಖಾನೆ ಕಟ್ಟುವುದಿಲ್ಲ, ಆರ್ಡರ್ ಕೊಡುತ್ತವೆ. ಅಂಗಿಯೊಂದಕ್ಕೆ ನಾಲ್ಕು ಕಾಸು ಉಳಿಯುವುದಾದರೆ ಮುಂದಿನ ಆರ್ಡರ್ ಬಾಂಗ್ಲಾದೇಶಕ್ಕೋ ವಿಯೆಟ್ನಾಮಿಗೋ ಹೋಗುತ್ತದೆ. ಕಾರು ಕಾರ್ಖಾನೆಯಲ್ಲಿ ತಗಡು ಒತ್ತಿ ಕಾರಿನ ಭಾಗ ಮಾಡುವ ಪ್ರೆಸ್ ಶಾಪನ್ನು ಹಾಗೆ ರಾತ್ರೋರಾತ್ರಿ ಕಿತ್ತೊಯ್ಯಲಾಗದು. ಎರಡಕ್ಕೂ ಒಂದೇ ಬಗೆಯ ರಿಯಾಯಿತಿ ಹಂಚುವುದು ಯಾವ ಲೆಕ್ಕ?

ಕಾರ್ಖಾನೆ ಕೆಲಸದಲ್ಲಿ ಶೇ 75ರಷ್ಟು ಸ್ಥಳೀಯರಿಗೆ ಎಂದು ಆಂಧ್ರ ಸರ್ಕಾರ 2019ರಲ್ಲೇ ಕಾನೂನು ಮಾಡಿತು. ಕಾನೂನು ಗೇಟಿನವರೆಗೆ ಕರೆದೊಯ್ದೀತು, ಒಳಗೆ ಯಂತ್ರದ ಮುಂದೆ ನಿಲ್ಲಲು ಕೈಗೆ ಕಸುಬು ಬೇಕು. ಮಡಕಶಿರ, ರೊಳ್ಳ, ಅಮರಾಪುರ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರಿಗೆ ಐಟಿಐ ಪಾಠ, ಪುಸ್ತಕ ಕನ್ನಡದಲ್ಲೂ ಸಿಗಲಿ. ಜೊತೆಗೆ, ರಿಯಾಯಿತಿ ಪಡೆದ ಪ್ರತಿ ಕಂಪನಿಯೂ ಜಿಲ್ಲೆಯ ಸಣ್ಣ ವರ್ಕ್‌ಶಾಪ್‌ಗಳಿಂದ ವರ್ಷಕ್ಕೆ ಎಷ್ಟು ರೂಪಾಯಿಯ ಮಾಲು ಕೊಂಡಿತು ಎಂಬುದನ್ನು ಸರ್ಕಾರ ಪ್ರಕಟಿಸಲಿ.

– ಓದುಗ, ಅಮರಾಪುರ, ಶ್ರೀ ಸತ್ಯಸಾಯಿ ಜಿಲ್ಲೆ, ಆಂಧ್ರಪ್ರದೇಶ