ಪ್ಲಾಸ್ಟರ್ ಬಿಚ್ಚಿದ ದಿನ ಕೇಳಬೇಕಾದ್ದು

ಹಿರಿಯರೊಬ್ಬರು ನಿಂತಲ್ಲೇ ಕಾಲು ಜಾರಿ, ಕೈ ಊರಿ, ಮಣಿಕಟ್ಟು ಮುರಿದುಕೊಂಡರೆ ಮನೆಯವರು ಒದ್ದೆ ನೆಲವನ್ನು ಬೈಯುತ್ತಾರೆ. ಕೆಲವು ವಾರಗಳಲ್ಲಿ ಪ್ಲಾಸ್ಟರ್ ಬಿಚ್ಚುತ್ತಾರೆ, ಅಲ್ಲಿಗೆ ವಿಷಯ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಗಟ್ಟಿ ಮೂಳೆ ಅಷ್ಟಕ್ಕೆಲ್ಲ ಮುರಿಯುವುದು ಅಪರೂಪ. ಹೀಗೆ ಒಮ್ಮೆ ಮುರಿದವರಿಗೆ ಇನ್ನೊಂದು ಮೂಳೆ ಮುರಿಯುವ ಸಂಭವ ಸುಮಾರು ಎರಡು ಪಟ್ಟು, ಅದರಲ್ಲೂ ಮೊದಲ ಎರಡು ವರ್ಷ ಅಪಾಯ ಹೆಚ್ಚು.

ಮೂಳೆ ಕೂಡಿಸಿದ ಡಾಕ್ಟರು ಮುಂದಿನದನ್ನು ಫ್ಯಾಮಿಲಿ ಡಾಕ್ಟರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಅವರು, ಮೂಳೆ ಡಾಕ್ಟರು ಆಗಲೇ ಬರೆದಿರುತ್ತಾರೆ ಅಂದುಕೊಳ್ಳುತ್ತಾರೆ. ಕೊನೆಗೆ ಮೂಳೆ ಸವೆತ ತಡೆಯುವ ಔಷಧ ಯಾರೂ ಬರೆದಿರುವುದಿಲ್ಲ. ಈ ಸಂದು ಮುಚ್ಚಲೆಂದೇ 1999ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಫ್ರಾಕ್ಚರ್ ಲಿಯೇಸನ್ ಸರ್ವಿಸ್ ಶುರುವಾಯಿತು: ಮುರಿತವಾಗಿ ಬಂದ ಹಿರಿಯರನ್ನು ಗುರುತಿಸಿ, ಮೂಳೆ ಪರೀಕ್ಷೆ ಮಾಡಿಸಿ, ಚಿಕಿತ್ಸೆಗೆ ಹಚ್ಚುವುದು ಅಲ್ಲಿನ ನರ್ಸ್‌ಗಳ ಕೆಲಸ. ನಿಮ್ಮ ಆಸ್ಪತ್ರೆಯಲ್ಲಿ ಅಂಥದ್ದಿದೆಯೇ ಕೇಳಿ. ಇಲ್ಲದಿದ್ದರೆ ಬೆನ್ನು ಹತ್ತುವ ಕೆಲಸ ಮನೆಯವರದ್ದೇ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಯೌವನದ ಮೂಳೆಗೆ ಹೋಲಿಸಿ ಕೊಡುವ ಅಂಕ) −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ಅದಕ್ಕಿಂತ ಮೇಲಿದೆ ಎಂದು ನಿಶ್ಚಿಂತರಾಗಬೇಡಿ. ಎಷ್ಟೋ ಮುರಿತಗಳು ಆ ಗೆರೆ ದಾಟದವರಲ್ಲೇ ಆಗುತ್ತವೆ. ಚಪ್ಪೆಯ (ಸೊಂಟದ ಕೀಲಿನ) ಮೂಳೆಯೋ ಬೆನ್ನುಮೂಳೆಯೋ ಹೀಗೆ ಮುರಿದಿದ್ದರೆ ಚಿಕಿತ್ಸೆಗೆ ಅದೇ ಸಾಕಷ್ಟು ಕಾರಣ. ಬೆನ್ನುಮೂಳೆಯದು ಕಳ್ಳ ಮುರಿತ, ಮೂರರಲ್ಲಿ ಎರಡು ಪಾಲು ಗಮನಕ್ಕೇ ಬರುವುದಿಲ್ಲ. ಯೌವನದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ಕೇಳಿ. ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿ, ಥೈರಾಯ್ಡ್ ರಕ್ತಪರೀಕ್ಷೆಗಳೂ ಆಗಲಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಮರೆಯದೆ ಹೇಳಿ.

ಸಾಮಾನ್ಯವಾಗಿ ಮೊದಲು ಕೊಡುವುದು ಮೂಳೆ ಸವೆತ ತಡೆಯುವ ಮಾತ್ರೆ, ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ. ಇದು ಕೆಲಸ ಮಾಡದಿರಲು ಬಹಳ ಸಲ ನುಂಗುವ ರೀತಿಯೇ ಕಾರಣ. ಹೊಟ್ಟೆಗೆ ಬಿದ್ದದ್ದರಲ್ಲಿ ನೂರಕ್ಕೆ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ. ಜೊತೆಗೆ ಕಾಫಿ ಕುಡಿದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಖೋತಾ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟದ ತುಂಬ ಬರೀ ನೀರಿನೊಂದಿಗೆ ನುಂಗಿ, ಕನಿಷ್ಠ 30 ನಿಮಿಷ ಏನೂ ತಿನ್ನದೆ ನೆಟ್ಟಗೆ ಕೂತಿರಬೇಕು ಇಲ್ಲವೇ ನಿಂತಿರಬೇಕು. ಮತ್ತೆ ಮಲಗಿದರೆ ಮಾತ್ರೆ ಅನ್ನನಾಳ ಸುಡುತ್ತದೆ. ಇಷ್ಟು ಶಿಸ್ತು ಆಗದವರಿಗೆ, ನುಂಗಲು ತೊಂದರೆ ಇರುವವರಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಝೊಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ. ಚಪ್ಪೆ ಮುರಿದವರಿಗೆ ಆಪರೇಷನ್ ಆದ 90 ದಿನದೊಳಗೆ ಇದನ್ನು ಶುರು ಮಾಡಿದ ಅಧ್ಯಯನವೊಂದರಲ್ಲಿ (2007) ಹೊಸ ಮುರಿತ ಶೇ. 35, ಸಾವು ಶೇ. 28 ತಗ್ಗಿತ್ತು. ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ವಿಟಮಿನ್ ಡಿ ಕೊರತೆಯನ್ನು ಮೊದಲೇ ತುಂಬಿರಬೇಕು. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಝೊಲೆಡ್ರೊನಿಕ್ ಆಸಿಡ್ ಬೇಡ.

ನಮಗೆ ಹೆಚ್ಚು ಆತಂಕ ಸವೆತ ತಡೆಯುವ ಇನ್ನೊಂದು ಔಷಧ ಡೆನೊಸುಮಾಬ್‌ದು. ಔಷಧದ ತಪ್ಪಲ್ಲ, ತಾರೀಖು ತಪ್ಪುವುದರದ್ದು. 60 ಮಿ.ಗ್ರಾಂ ಚುಚ್ಚುಮದ್ದು, ಆರು ತಿಂಗಳಿಗೊಮ್ಮೆ, ಚರ್ಮದ ಕೆಳಗೆ. ಪರಿಣಾಮ ಚೆನ್ನಾಗಿದೆ. ಆದರೆ ಬಿಟ್ಟರೆ, ಅಲ್ಲಿಯವರೆಗೆ ತಡೆದಿದ್ದ ಸವೆತ ಮೊದಲಿಗಿಂತ ಹೆಚ್ಚು ವೇಗದಲ್ಲಿ ಮರಳಿ, ಬೆನ್ನುಮೂಳೆಗಳು ಒಂದರ ಹಿಂದೆ ಒಂದು ಕುಸಿಯಬಹುದು. ಹಿಂದಿನ ಚುಚ್ಚುಮದ್ದಿನಿಂದ ಏಳು ತಿಂಗಳು ದಾಟಿಸುವಂತಿಲ್ಲ. ದೂರದ ಪ್ರಯಾಣ, ವೀಸಾ, ವಿಮೆಯ ಬದಲಾವಣೆ ಏನೇ ಇರಲಿ, ಟಿಕೆಟ್ ಕೊಳ್ಳುವ ಮುನ್ನ ಮುಂದಿನ ಚುಚ್ಚುಮದ್ದಿನ ತಾರೀಖು ನೋಡಿ. ನಿಲ್ಲಿಸಲೇಬೇಕಾದರೆ ಬದಲಿಗೆ ಮೇಲೆ ಹೇಳಿದ ಅಲೆಂಡ್ರೊನೇಟ್ ಅಥವಾ ಝೊಲೆಡ್ರೊನಿಕ್ ಆಸಿಡ್ ಶುರು ಮಾಡಿಸಿಕೊಂಡೇ ನಿಲ್ಲಿಸಿ. ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಮುಗಿದ ಮೇಲೂ ಹೀಗೆಯೇ, ಗಳಿಸಿದ್ದನ್ನು ಕಾಯುವ ಔಷಧ ಬೇಕು.

ಈ ಔಷಧಗಳಿಂದ ದವಡೆ ಮೂಳೆ ಕೊಳೆಯುತ್ತದೆ, ತೊಡೆಯ ಮೂಳೆ ಮುರಿಯುತ್ತದೆ ಎಂಬ ಹೆದರಿಕೆಗೆ ಎಷ್ಟೋ ಜನ ಮಾತ್ರೆ ಬಿಸಾಡುತ್ತಾರೆ. ಎರಡೂ ನಿಜ, ಎರಡೂ ಬಹಳ ಅಪರೂಪ. ಹಲ್ಲು ಕೀಳಿಸುವುದಿದ್ದರೆ ಚಿಕಿತ್ಸೆಗೆ ಮೊದಲೇ ಕೀಳಿಸಿ. ತೊಡೆಯಲ್ಲೋ ತೊಡೆಸಂದಿನಲ್ಲೋ ಬಿಡದ ನೋವು ಬಂದರೆ ಕೂಡಲೇ ಎಕ್ಸ್‌ರೇ ತೆಗೆಸಿ.

ಕ್ಯಾಲ್ಸಿಯಂ ಊಟವೂ ಸೇರಿ ದಿನಕ್ಕೆ 1000ರಿಂದ 1200 ಮಿ.ಗ್ರಾಂ ಸಾಕು. ಮಾತ್ರೆಯಾದರೆ ಒಂದು ಸಲಕ್ಕೆ 500 ಮಿ.ಗ್ರಾಂ ಮೀರಬಾರದು; ಅಲೆಂಡ್ರೊನೇಟ್ ಜೊತೆಗಂತೂ ಬೇಡವೇ ಬೇಡ. ಬರೀ ಕ್ಯಾಲ್ಸಿಯಂ ನುಂಗಿ ಮೂಳೆಗೆ ಚಿಕಿತ್ಸೆ ಆಯಿತು ಎಂದುಕೊಳ್ಳುವುದು ನಾವು ಅತಿ ಹೆಚ್ಚು ನೋಡುವ ತಪ್ಪು.

ಇನ್ನು ಬೀಳದಿರುವುದು. ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ವಾರಕ್ಕೆ ಒಟ್ಟು ಮೂರು ಗಂಟೆ; ಬರೀ ವಾಕಿಂಗ್ ಸಾಲದು. ಬೆನ್ನು ಮುರಿದವರು ಸೊಂಟ ಬಗ್ಗಿಸಿ ಕಾಲ್ಬೆರಳು ಮುಟ್ಟುವ ಆಸನ ಬಿಡಬೇಕು, ನೆಲದಿಂದ ಏನನ್ನಾದರೂ ಎತ್ತುವಾಗ ಮಂಡಿ ಮಡಿಸಬೇಕು. ಎದ್ದಾಗ ಬಿಪಿ ಇಳಿದು ಬೀಳುವುದೂ ಉಂಟು: ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಂತ ಒಂದು ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಇಳಿದರೆ ಮಾತ್ರೆಗಳ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ನಿದ್ದೆ ಮಾತ್ರೆಯ ಹೆಸರು ಆ ಪಟ್ಟಿಯ ಮೊದಲ ಸಾಲಿನಲ್ಲಿರಲಿ. ಆದರೆ ಅದನ್ನು ನೀವಾಗಿಯೇ ಒಮ್ಮೆಲೆ ನಿಲ್ಲಿಸಬೇಡಿ.