ಭಾನುವಾರ ಸೆವೆನ್ ಸೀಟರ್ ನೋಡೋಕೆ ಹೋಗೋ ವಿಷಯ

ಎಲ್ರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ 10ಕ್ಕೆ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡೋಕೆ ಹೋಗ್ತಿದೀವಿ, ಮನೆಗೆ ಇನ್ನೊಂದು ಪಾಪು ಬರ್ತಿದೆ, ಈಗಿರೋ ಕಾರು ಸಾಲಲ್ಲ ಅಂತ ಗೊತ್ತೇ ಇದೆಯಲ್ಲ. ಅಣ್ಣ, ನೀನು ಮೂರನೇ ಸಾಲಲ್ಲಿ ಹತ್ತು ನಿಮಿಷ ಕೂತು ನೋಡ್ಬೇಕು, ಮಂಡಿ ಎದೆಗೆ ತಾಗಿದ್ರೆ ಆ ಗಾಡಿ ಬೇಡ. ಅಕ್ಕ, ಚೈಲ್ಡ್ ಸೀಟ್ ತಗೊಂಡ್ ಬಾ, ಐಸೋಫಿಕ್ಸ್‌ಗೆ (ಚೈಲ್ಡ್ ಸೀಟ್ ಸಿಕ್ಕಿಸೋಕೆ ಕಾರ್ ಸೀಟಲ್ಲೇ ಇರೋ ಕೊಂಡಿಗೆ) ಹಾಕೇ ನೋಡೋಣ, ಹಾಕಿದ ಮೇಲೂ ಹಿಂದಿನ ಸಾಲಿಗೆ ಹತ್ತೋಕಾಗತ್ತಾ, ಏಳೂ ಸೀಟ್ ಮಡಚದೆ ಹಾಗೇ ಇಟ್ರೆ ಡಿಕ್ಕೀಲಿ ಸ್ಟ್ರಾಲರ್ ಹಿಡಿಯತ್ತಾ ಅನ್ನೋದೇ ಮುಖ್ಯ. ಇಂಜಿನ್ ಮೊದ್ಲೇ ಬಿಸಿ ಮಾಡಿಡಬೇಡಿ ಅಂತ ಮಾರೋರಿಗೆ ಹೇಳಿದೀನಿ, ತಣ್ಣಗಿರುವಾಗ ಸ್ಟಾರ್ಟ್ ಮಾಡಿದ್ರೇನೇ ಹೊಗೆ, ಸದ್ದು ಗೊತ್ತಾಗೋದು. ಟೈರ್ ಮೇಲಿನ ನಾಲ್ಕಂಕಿ ನೋಡಿ, 2321 ಅಂದ್ರೆ 2021ರ 23ನೇ ವಾರ ತಯಾರಾಗಿದ್ದು. ಸನ್‌ರೂಫ್ ಜಗಳ ಈಗ್ಲೇ ಬೇಡ ಪ್ಲೀಸ್. ಯಾರ್ಯಾರು ಬರ್ತೀರ, ಶನಿವಾರ ಸಂಜೆಯೊಳಗೆ ಇಲ್ಲೇ ಹೇಳಿ.